ಮಾಂತ್ರಿಕನ ಮಾರ್ಕ್ಸ್ ಕಾರ್ಡು

ಚಂದಮಾಮದ ಕಥೆಗಳನ್ನು ಓದಿ ಬೆಳೆದವರಿಗೆಲ್ಲ ಮಾಂತ್ರಿಕನ ಪರಿಚಯ ಇದ್ದೇ ಇದೆ. ಕಾಡಿನ ನಡುವೆ ಒಂದು ಗುಹೆ, ಗುಹೆಯ ಬಾಯಲ್ಲಿ ಉರಿಯುವ ಬೆಂಕಿ, ಎದೆಯ ತನಕ ಇಳಿಬಿದ್ದ ಗಡ್ಡ, ಕೈಯಲ್ಲೊಂದು ತಲೆಬುರುಡೆ. ಅವನು ರಾಜಕುಮಾರಿಯನ್ನು ಗಿಣಿ ಮಾಡುತ್ತಾನೆ, ರಾಜಕುಮಾರನನ್ನು ಕಲ್ಲು ಮಾಡುತ್ತಾನೆ. ಅವನ ಪ್ರಾಣ ಏಳು ಸಮುದ್ರಗಳಾಚೆ ಯಾವುದೋ ಹಕ್ಕಿಯ ಹೊಟ್ಟೆಯಲ್ಲಿರುತ್ತದೆ. ಇಷ್ಟೆಲ್ಲ ತಿಳಿಸುವ ಕಥೆ ಒಂದು ಸಂಗತಿಯನ್ನು ಮಾತ್ರ ಹೇಳುವುದಿಲ್ಲ. ಈ ಮಹಾಶಯ ಇದನ್ನೆಲ್ಲ ಕಲಿತದ್ದು ಎಲ್ಲಿ? ಯಾವ ಊರಿನವನು? ಗುರು ಯಾರು? ಎಷ್ಟು ವರ್ಷ ಓದಿದ? ಪಾಸಾದನೋ, ನಡುವೆ ಬಿಟ್ಟು ಬಂದನೋ?

ಇಂಥ ಪ್ರಶ್ನೆ ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ಆದರೆ ಕಮಲಾಪುರದ ಒಂದು ಮನೆಯಲ್ಲಿ ದಸರಾ ರಜೆಯ ಉದ್ದಕ್ಕೂ ಚರ್ಚೆಗೆ ಬಂದದ್ದು ಇದೇ ಪ್ರಶ್ನೆ. ಮೊದಲು ಅದು ಮಕ್ಕಳ ಆಟವಾಗಿತ್ತು. ಆಮೇಲೆ ಮನೆಯ ದೊಡ್ಡವರೂ ಅದರಲ್ಲಿ ಸಿಕ್ಕಿಕೊಂಡರು.

ಎಂಟು ಮುಖದ ದಾಳ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಈ ಮನೆಯವರಿಗೂ ಒಂದಿಷ್ಟು ಬಾಳೆ, ಉಳಿದದ್ದು ತೊಗರಿ ಹೊಲ. ಮನೆಯಲ್ಲಿ ಅಪ್ಪ, ಅವ್ವ, ಆಯಿ, ಹತ್ತನೆಯ ತರಗತಿಯ ಹುಡುಗ. ಅವನ ಅಕ್ಕ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಾಳೆ.

ರಜೆಗೆಂದು ಪುಣೆಯಿಂದ ಬಂದ ಕಾಕಾನ ಮಗ ಒಂದು ಆಟ ತಂದಿದ್ದ. ಅದರ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ಆಟ ಇದು. ಚೌಕಾಬಾರದಂತೆ ಇದಕ್ಕೆ ಮನೆಗಳಿರುವ ಪಟ ಬೇಕೇಬೇಕೆಂದಿಲ್ಲ. ಒಬ್ಬ ಕಥೆ ಹೇಳುತ್ತ ಹೋಗುತ್ತಾನೆ, ಉಳಿದವರು ತಲಾ ಒಂದು ಪಾತ್ರವಾಗಿ ಆ ಕಥೆಯೊಳಗೆ ನಡೆಯುತ್ತಾರೆ. ಬಾಗಿಲು ಒಡೆಯಿತೋ ಇಲ್ಲವೋ, ಮಂತ್ರ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ದಾಳಗಳೂ ವಿಚಿತ್ರ. ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳವು. ಎಲ್ಲ ಮುಖಗಳೂ ಒಂದೇ ಆಕಾರ, ಒಂದೇ ಅಳತೆ ಇರುವಂಥ ಕ್ರಮಬದ್ಧ ಘನಾಕೃತಿಗಳು ಇರುವುದೇ ಈ ಐದು ಎಂಬುದು ಪ್ರಾಚೀನ ಗ್ರೀಕರಿಗೆ ಗೊತ್ತಿತ್ತು. ಜೊತೆಗೆ ಹತ್ತು ಮುಖದ್ದೊಂದು ಇರುತ್ತದೆ. ಅದು ಈ ಐದರ ಗುಂಪಿಗೆ ಸೇರುವುದಿಲ್ಲ.

ಆಟ ಶುರುವಾಗುವ ಮೊದಲು ಪ್ರತಿಯೊಬ್ಬನೂ ತನ್ನ ಪಾತ್ರದ ಹಾಳೆ ತುಂಬಬೇಕು. ಹುಡುಗ ಆರಿಸಿಕೊಂಡದ್ದು ಮಾಂತ್ರಿಕನನ್ನು. ಹಾಳೆಯಲ್ಲಿ ಹೆಸರಿನ ಹತ್ತಿರವೇ ಎರಡು ಅಂಕಣಗಳಿದ್ದವು. ಒಂದು, ಹಿನ್ನೆಲೆ. ಇನ್ನೊಂದು, ಮೆಟ್ಟಿಲು, ಅಂದರೆ ದರ್ಜೆ. ಮೆಟ್ಟಿಲು ಒಂದರಿಂದ ಇಪ್ಪತ್ತರವರೆಗೆ ಏರುತ್ತದೆ. ಹೊಸಬನಾದ್ದರಿಂದ ಅಲ್ಲಿ ಒಂದು ಎಂದು ಬರೆದದ್ದಾಯಿತು. ಹಿನ್ನೆಲೆಗೆ ‘ವಿದ್ವಾಂಸ’ ಎಂಬುದನ್ನು ಆರಿಸಿದ. ವಿದ್ವಾಂಸ ಎಂದರೆ ಎಂಥವನು? 2014ರ ನಿಯಮಪುಸ್ತಕದಲ್ಲಿ ಅದಕ್ಕೆ ಎಂಟು ಬಗೆ ಕೊಟ್ಟಿದ್ದಾರೆ. ರಸವಾದಿ, ಖಗೋಳ ಬಲ್ಲವನು, ವಿದ್ವತ್ ವಲಯದಲ್ಲಿ ಮಾನ ಕಳೆದುಕೊಂಡವನು, ಗ್ರಂಥಪಾಲ, ಪ್ರಾಧ್ಯಾಪಕ, ಸಂಶೋಧಕ, ಮಾಂತ್ರಿಕನೊಬ್ಬನ ಶಿಷ್ಯ, ಲಿಪಿಕಾರ. ಎಂಟು ಮುಖದ ದಾಳ ಉರುಳಿಸಿ ಬಂದದ್ದನ್ನು ಒಪ್ಪಿಕೊಳ್ಳಬಹುದು.

ಹುಡುಗ ಐದು ಬೀಳಲೆಂದು ಕಾಯುತ್ತಿದ್ದ. ಪ್ರಾಧ್ಯಾಪಕ ಎಂದರೆ ಒಂದು ಗತ್ತು. ಬಿದ್ದದ್ದು ನಾಲ್ಕು. ಗ್ರಂಥಪಾಲ.

“ಛೇ, ಇಂವ ಲೈಬ್ರರಿಯಾಂವ ಆದ” ಎಂದು ಮುಖ ಸಣ್ಣ ಮಾಡಿಕೊಂಡ. ಇನ್ನೊಮ್ಮೆ ಉರುಳಿಸುತ್ತೇನೆಂದ. ಕಾಕಾನ ಮಗ ಒಪ್ಪಲಿಲ್ಲ. ದಾಳ ಬಿದ್ದ ಮೇಲೆ ಬಿದ್ದ ಹಾಗೆಯೇ ಆಡಬೇಕು ಎಂಬುದು ಅವನ ಪಟ್ಟು.

ಬೇರೆ ಮಾಂತ್ರಿಕರ ಓದು

ಮಾಂತ್ರಿಕನಿಗೆ ಊರು, ಶಾಲೆ, ದರ್ಜೆ ಕೊಡುವ ಚಾಳಿ ಈ ಆಟದವರದಷ್ಟೇ ಅಲ್ಲ. 1968ರಲ್ಲಿ ಉರ್ಸುಲಾ ಲೆ ಗ್ವಿನ್ ಎಂಬ ಅಮೆರಿಕದ ಲೇಖಕಿ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಎಂಬ ಕಾದಂಬರಿ ಬರೆದರು. ಅದರ ನಾಯಕ ಗೆಡ್ ಆಡು ಕಾಯುವ ಹುಡುಗ, ಕಂಚುಗಾರನ ಮಗ, ತಾಯಿಯಿಲ್ಲದವನು. ಊರಿನ ಮಾಟಗಾತಿಯಾದ, ತಾಯಿಯ ಸೋದರಿಯ ಬಳಿ ಅವನು ಕಲಿಯುವ ಮೊದಲ ಮಾತುಗಳು ಆಡು ಕರೆಯುವುದಕ್ಕೆ. ಆಮೇಲೆ ಒಬ್ಬ ಗುರುವಿನ ಮನೆ, ಅದಾದ ಮೇಲೆ ಒಂದು ದ್ವೀಪದಲ್ಲಿರುವ ಶಾಲೆ. ಕಲಿಕೆ ಮುಗಿದು ಕೈಗೆ ಊರುಗೋಲು ಬಂದ ಮೇಲೆಯೇ ಅವನು ಮಾಂತ್ರಿಕ.

ಹ್ಯಾರಿ ಪಾಟರ್ ಕಥೆಗಳಲ್ಲಂತೂ (ಮೊದಲನೆಯದು ಬಂದದ್ದು 1997ರಲ್ಲಿ) ಎಲ್ಲವೂ ಶಾಲೆಯ ಲೆಕ್ಕ. ಏಳು ವರ್ಷದ ಓದು, ಐದನೆಯ ವರ್ಷಕ್ಕೊಂದು ದೊಡ್ಡ ಪರೀಕ್ಷೆ, ಏಳನೆಯದಕ್ಕೆ ಇನ್ನೊಂದು. ಅಲ್ಲಿನ ಹ್ಯಾಗ್ರಿಡ್ ಮೂರನೆಯ ವರ್ಷದಲ್ಲೇ ಶಾಲೆಯಿಂದ ಹೊರಬಿದ್ದವನು. ಮುಂದೆ ಅದೇ ಶಾಲೆಯಲ್ಲಿ ಪಾಠ ಹೇಳುತ್ತಾನೆ. ಇಂಗ್ಲೆಂಡಿನ ಹಾಸ್ಯಲೇಖಕ ಟೆರಿ ಪ್ರಾಚೆಟ್‌ನ ಮಾಂತ್ರಿಕರ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲನೇ ಒರಾಂಗುಟಾನ್. ಯಾವುದೋ ಮಂತ್ರದ ಎಡವಟ್ಟಿನಿಂದ ಮನುಷ್ಯ ಹೋಗಿ ವಾನರನಾದವನು ಮತ್ತೆ ಮನುಷ್ಯನಾಗಲು ಒಪ್ಪುವುದಿಲ್ಲ. ಎತ್ತರದ ಕಪಾಟು ಹತ್ತಲು ಉದ್ದನೆಯ ಕೈಗಳೇ ಅನುಕೂಲವಂತೆ!

1974ರ ಮೂಲ ಆಟದಲ್ಲಿ ಪ್ರತಿ ಮೆಟ್ಟಿಲಿಗೂ ಒಂದೊಂದು ಬಿರುದಿತ್ತು ಎಂಬುದು ಇನ್ನೊಂದು ತಮಾಷೆ. ಮೊದಲ ಮೆಟ್ಟಿಲಿನವನು ‘ಮೀಡಿಯಂ’, ಎರಡನೆಯವನು ‘ಸೀಯರ್’, ಮೂರನೆಯವನು ‘ಕಾಂಜರರ್’. ಹೀಗೆ ಏರುತ್ತ ಏರುತ್ತ ಹನ್ನೊಂದನೆಯ ಮೆಟ್ಟಿಲಿಗೆ ಬಂದವನಿಗೆ ಮಾತ್ರ ‘ವಿಝರ್ಡ್’ ಎಂಬ ಹೆಸರು. ಅಂದರೆ ಮಾಂತ್ರಿಕ ಎನ್ನಿಸಿಕೊಳ್ಳುವ ಮೊದಲು ಹತ್ತು ಮೆಟ್ಟಿಲು ದಾಟಬೇಕಿತ್ತು.

ಚಂದಮಾಮದ ಗುಹೆಯವನಿಗೂ ಇವರಿಗೂ ಇರುವ ವ್ಯತ್ಯಾಸ ಇಲ್ಲಿದೆ. ಗುಹೆಯವನ ವಿದ್ಯೆ ಎಲ್ಲಿಂದ ಬಂತೆಂದು ಗೊತ್ತಿಲ್ಲ, ಆದ್ದರಿಂದ ಅದಕ್ಕೆ ಎಲ್ಲೆಯೂ ಇಲ್ಲ, ಆದ್ದರಿಂದಲೇ ಅವನೆಂದರೆ ಹೆದರಿಕೆ. ಇವರ ವಿದ್ಯೆಗೆ ಬುಡವಿದೆ. ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬ ಲೆಕ್ಕವಿದೆ. ಶಾಲೆಯಲ್ಲಿ ಒಮ್ಮೆ ಫೇಲಾದ ಮಾಂತ್ರಿಕನಿಗೆ ಯಾರು ಹೆದರುತ್ತಾರೆ?

ಆಯಿಯ ಹೆದರಿಕೆ

ಹೆದರಿದವರು ಒಬ್ಬರಿದ್ದರು. ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದ ಆಯಿಗೆ ಮೊಮ್ಮಕ್ಕಳ ಮಾತು ಬಿಟ್ಟು ಬಿಟ್ಟು ಕೇಳಿಸುತ್ತಿತ್ತು. ಮಂತ್ರ, ಮಾಟ, ಮಾಂತ್ರಿಕ. ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಮೊರ ಕೆಳಗಿಟ್ಟಳು.

“ತಮ್ಮಾ, ತುಂಬಿದ ಮನ್ಯಾಗ ಕುಂತು ಅಂಥವರ ಹೆಸರ ತಗೀಬ್ಯಾಡಪ್ಪಾ.”

“ಇದು ಆಟ ಆಯಿ.”

“ನಿನಗ ಆಟ. ನಾವು ಕಣ್ಣಾರೆ ನೋಡೀವಿ.”

ಕಲಬುರಗಿ, ಬೀದರ ಸೀಮೆಯ ಹಿರಿಯರಿಗೆ ‘ಬಾನಾಮತಿ’ ಎಂಬ ಮಾತನ್ನು ವಿವರಿಸಬೇಕಿಲ್ಲ. ಮನೆಯ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಸುಡುವುದು, ಹೆಣ್ಣುಮಕ್ಕಳು ಇದ್ದಕ್ಕಿದ್ದಂತೆ ಕೂಗಾಡುವುದು, ಇವೆಲ್ಲ ಯಾರೋ ಮಾಡಿಸಿದ ಮಾಟ ಎಂಬ ನಂಬಿಕೆ ಈ ಭಾಗದ ಹಳ್ಳಿಗಳಲ್ಲಿ ಬಹುಕಾಲ ಬೇರುಬಿಟ್ಟಿತ್ತು. ಮಾಡಿದವರು ಯಾರು ಎಂಬ ಪ್ರಶ್ನೆ ಎದ್ದಾಗ ಬೆರಳು ಹೋಗುತ್ತಿದ್ದುದು ಬಹುಮಟ್ಟಿಗೆ ತಿರುಗಿ ಮಾತಾಡಲಾರದವರ ಕಡೆಗೆ.

ಆಯಿ ಹೇಳಿದ್ದೂ ಅಂಥದೇ ಸಂಗತಿ. ಅವಳು ಮದುವೆಯಾಗಿ ಬರುವ ಮೊದಲು, ತವರೂರಿನಲ್ಲಿ. ಊರ ಹೊರಗಿನ ಗುಡಿಸಲಿನಲ್ಲಿ ಒಬ್ಬ ವಿಧವೆ ಇದ್ದಳು. ಕೂಲಿನಾಲಿ ಮಾಡಿಕೊಂಡಿದ್ದಳು. ಒಂದು ಮನೆಯ ಎರಡು ಎಮ್ಮೆ ಒಂದೇ ವಾರದಲ್ಲಿ ಸತ್ತವು, ಆ ಮನೆಯ ಸೊಸೆಗೆ ಜ್ವರ ಬಂದು ಬಡಬಡಿಸತೊಡಗಿದಳು. ಅವಳ ಬಾಯಲ್ಲಿ ಆ ವಿಧವೆಯ ಹೆಸರು ಬಂತಂತೆ. ಊರವರು ಆಕೆಯ ತಲೆ ಬೋಳಿಸಿದರು. ಬೆಳಗಾಗುವುದರೊಳಗೆ ಆಕೆ ಊರು ಬಿಟ್ಟಿದ್ದಳು. ಎಲ್ಲಿ ಹೋದಳು, ಏನಾದಳು ಯಾರಿಗೂ ತಿಳಿಯಲಿಲ್ಲ.

ಕತೆ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗನ ಕೈಯಲ್ಲಿ ಇನ್ನೂ ಆ ಹಾಳೆಯಿತ್ತು. ಹಿನ್ನೆಲೆ, ದರ್ಜೆ ಎಂಬ ಅಂಕಣಗಳನ್ನು ಮೂರು ದಿನದಿಂದ ನೋಡುತ್ತಿದ್ದ ಅವನಿಗೆ ಬೇರೆ ಪ್ರಶ್ನೆ ಹೊಳೆಯುವಂತಿರಲಿಲ್ಲ.

“ಆಯಿ, ಆಕಿ ಅದನ್ನೆಲ್ಲ ಯಾರ ಬಲ್ಲಿ ಕಲ್ತಿದ್ಲು?”

“ಯಾರಿಗೊತ್ತಪ್ಪಾ.”

“ಓದಲಿಕ್ಕಿ ಬರ್ತಿತ್ತೇನು?”

“ಎಲ್ಲೀದು! ಹೆಬ್ಬಟ್ಟು. ಎಣಿಸಲಿಕ್ಕಿ ಸುದೇಕ ಬರ್ತಿದ್ದಿಲ್ಲ. ಕೂಲಿ ರೊಕ್ಕ ನಮ್ಮವ್ವನ ಬಲ್ಲಿ ತಂದು ಎಣಿಸ್ಕೊಂಡು ಹೋಗ್ತಿದ್ಲು.”

ಹೇಳಿದವಳೇ ಆಯಿ ತಡೆದಳು. ಹತ್ತು ರೂಪಾಯಿ ಎಣಿಸಲು ಇನ್ನೊಬ್ಬರ ಮನೆಗೆ ಬರುತ್ತಿದ್ದ ಹೆಂಗಸು ಕಂಡವರ ಎಮ್ಮೆ ಕೊಲ್ಲುವ ವಿದ್ಯೆಯನ್ನು ಕಲಿತದ್ದಾದರೂ ಎಲ್ಲಿ? ಅಷ್ಟು ವರ್ಷಗಳಲ್ಲಿ ಆ ಊರಿನ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಆಯಿಯೂ ಕೇಳಿಕೊಂಡಿರಲಿಲ್ಲ. ಮೊರ ಎತ್ತಿಕೊಂಡು ಮತ್ತೆ ಬೇಳೆ ಆರಿಸತೊಡಗಿದಳು. ಆದರೆ ಆ ದಿನ ರಾತ್ರಿ ಊಟದ ಹೊತ್ತಿಗೆ ತಾನಾಗಿಯೇ, “ಆಕಿದು ಭಾಳ ಒಳ್ಳೇ ಕೈ ಇತ್ತು. ನನಗ ಎಣ್ಣಿ ಹಚ್ಚಿ ಎರಿತಿದ್ಲು” ಎಂದಳು.

ಹೀಗೆ ಯಾರನ್ನೋ ಮಾಟಗಾರರೆಂದು ಹೆಸರಿಟ್ಟು ಹಿಂಸಿಸುವುದನ್ನು ತಡೆಯಲು ಈಗ ಕಾನೂನಿದೆ. ಅಮಾನವೀಯ ಆಚರಣೆಗಳ ಮತ್ತು ಮಾಟಮಂತ್ರದ ವಿರುದ್ಧ ಕರ್ನಾಟಕದ ಶಾಸನಸಭೆ 2017ರಲ್ಲಿ ಒಪ್ಪಿದ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಕಾನೂನು ಬರುವುದು ಪೆಟ್ಟು ಬಿದ್ದ ಮೇಲೆ. ಹುಡುಗನ ಪ್ರಶ್ನೆಯನ್ನು ಪೆಟ್ಟು ಬೀಳುವ ಮೊದಲೇ ಕೇಳಬಹುದು.

ನಾಗಾವಿಯ ಆರು ಮಂದಿ

ಅಕ್ಕ ಹಾಸ್ಟೆಲಿನಿಂದ ಬಂದದ್ದು ಮರುದಿನ. ತಮ್ಮ ದೂರು ಹೇಳಿದ. ಪ್ರಾಧ್ಯಾಪಕ ಆಗಬೇಕಿದ್ದವನು ಗ್ರಂಥಪಾಲ ಆಗಿಬಿಟ್ಟ, ಇವನಿಗೆ ಯಾವ ಶಾಲೆ ಕೊಡಬೇಕೋ ತಿಳಿಯುತ್ತಿಲ್ಲ ಎಂದ. ಇಂಗ್ಲಿಷ್ ಕಥೆಗಳಲ್ಲಿರುವಂಥ ಕೋಟೆ, ಗೋಪುರ ಕಮಲಾಪುರದಿಂದ ಹೋದವನಿಗೆ ಹೊಂದುವುದಿಲ್ಲವಲ್ಲ.

ಅಕ್ಕ ನಕ್ಕಳು. “ನಿನ್ನ ಮಾಂತ್ರಿಕಗ ಶಾಲಿ ಬೇಕಲ್ಲ? ನಮ್ಮ ಜಿಲ್ಲಾದಾಗೇ ಅದ. ನಡಿ ತೋರಸ್ತೀನಿ.”

ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಕಮಲಾಪುರದಿಂದ ಕಲಬುರಗಿಗೆ ಒಂದು ಬಸ್ಸು, ಅಲ್ಲಿಂದ ಚಿತ್ತಾಪುರಕ್ಕೆ ಇನ್ನೊಂದು. ಚಿತ್ತಾಪುರದ ಪಕ್ಕದಲ್ಲೇ ನಾಗಾವಿ. ದಾರಿಯ ಎರಡೂ ಬದಿಗೆ ತೊಗರಿ ಎದೆಯೆತ್ತರ ಬೆಳೆದು ನಿಂತಿತ್ತು.

ಬಹಳ ಮಂದಿ ನಾಗಾವಿಗೆ ಹೋಗುವುದು ಯಲ್ಲಮ್ಮನ ದರ್ಶನಕ್ಕೆ. ಆದರೆ ಅದು ಒಂದು ಕಾಲಕ್ಕೆ ದೊಡ್ಡ ವಿದ್ಯಾಕೇಂದ್ರ. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ, 1058ರಲ್ಲಿ, ಮಧುಸೂದನನೆಂಬ ದಂಡನಾಯಕ ಇಲ್ಲಿನ ಘಟಿಕಾಶಾಲೆಗೆ ದತ್ತಿ ಬಿಟ್ಟ ಸಂಗತಿ ಶಾಸನದಲ್ಲಿದೆ. ನಾಗಾವಿಯ ಶಾಸನಗಳನ್ನು ನಿಜಾಮರ ಕಾಲದಲ್ಲಿ, 1928ರಲ್ಲಿ, ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯ ತಾನು ಹುಟ್ಟಿದ್ದು 1088ರಲ್ಲಿ ಎಂದು ಹೇಳಿಕೊಳ್ಳುತ್ತದೆ. ನಾಗಾವಿಯ ದತ್ತಿ ಅದಕ್ಕಿಂತ ಮೂವತ್ತು ವರ್ಷ ಹಿಂದಿನದು.

ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಕೂತು ಅಕ್ಕ ತನ್ನ ನೋಟ್ ಪುಸ್ತಕ ತೆಗೆದಳು. ಹುಡುಗ ಹಾಳೆ ತೆಗೆದ. ಶಾಸನ ಕೊಡುವ ಲೆಕ್ಕ ಹೀಗಿದೆ. ವೇದ ಓದುವ ವಿದ್ಯಾರ್ಥಿಗಳು 200. ಶಾಸ್ತ್ರ ಓದುವವರು ಐವತ್ತರ ಆಸುಪಾಸು. ವೇದಕ್ಕೆ ಮೂವರು ಅಧ್ಯಾಪಕರು, ಶಾಸ್ತ್ರಕ್ಕೆ ಮೂವರು. ಶಾಸ್ತ್ರದವರಲ್ಲಿ ಒಬ್ಬ ಭಟ್ಟ ದರ್ಶನಕ್ಕೆ, ಒಬ್ಬ ಪ್ರಭಾಕರ ದರ್ಶನಕ್ಕೆ (ಇವೆರಡೂ ಮೀಮಾಂಸೆಯ ಕವಲುಗಳು), ಇನ್ನೊಬ್ಬ ನ್ಯಾಸಕ್ಕೆ, ಅಂದರೆ ವ್ಯಾಕರಣಕ್ಕೆ. ಹುಡುಗ ತಕ್ಷಣ ಭಾಗಿಸಿದ. ಒಬ್ಬ ಅಧ್ಯಾಪಕನಿಗೆ ನಲವತ್ತು ಚಿಲ್ಲರೆ ಹುಡುಗರು. “ನಮ್ಮ ಕ್ಲಾಸಿನಷ್ಟೇ ಅದ” ಎಂದ.

“ಇನ್ನ ಲೈಬ್ರರಿಗೆ ಎಷ್ಟು ಮಂದಿ ಹೇಳು?”

“ಒಬ್ಬ.”

“ಆರು.”

ಹುಡುಗ ನಂಬಲಿಲ್ಲ. ಆದರೆ ಲೆಕ್ಕ ಸರಿಯಾಗಿಯೇ ಇದೆ. ನಾಗಾವಿಯ ಶಾಲೆಯಲ್ಲಿ ಅಧ್ಯಾಪಕರು ಆರು, ಗ್ರಂಥಪಾಲರೂ ಆರು. ‘ಸರಸ್ವತೀ ಭಂಡಾರಿಗರು’ ಎಂದು ಅವರ ಹೆಸರು. ಅಧ್ಯಾಪಕರಿಗೆ ಬಿಟ್ಟಂತೆ ಇವರಿಗೂ ಜೀವನಕ್ಕೆ ಭೂಮಿ ಬಿಟ್ಟಿದ್ದರು.

ಆರು ಮಂದಿ ಯಾಕೆ ಬೇಕಾಯಿತೆಂಬುದು ತಾಳೆಗರಿಯ ಸ್ವಭಾವ ಬಲ್ಲವರಿಗೆ ತಿಳಿಯುತ್ತದೆ. ಗರಿಯನ್ನು ಹದಮಾಡಿ, ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದು, ಮಸಿ ಸವರಿ ಒರೆಸಿದರೆ ಬರಹ ಕಾಣುತ್ತದೆ. ಅದಕ್ಕೆ ಹುಳ ಬೀಳುತ್ತದೆ, ತೇವ ತಾಗುತ್ತದೆ, ಅಂಚು ಮುರಿಯುತ್ತದೆ. ಎಷ್ಟು ಜೋಪಾನ ಮಾಡಿದರೂ ಕೆಲವು ತಲೆಮಾರಿಗೊಮ್ಮೆ ಇಡೀ ಗ್ರಂಥವನ್ನು ಹೊಸ ಗರಿಗೆ ಇಳಿಸಲೇಬೇಕು. ಇಳಿಸುವವನು ಒಂದು ಸಾಲು ಬಿಟ್ಟರೆ ಆ ಸಾಲು ಅಲ್ಲಿಗೆ ಮುಗಿಯಿತು. ಗುರು ಸತ್ತರೆ ಇನ್ನೊಬ್ಬ ಗುರು ಬರುತ್ತಾನೆ, ಇದ್ದ ಒಂದೇ ಪ್ರತಿ ಹೋದರೆ ಇನ್ನೊಂದು ಬರುವುದಿಲ್ಲ.

ಆಟದ ನಿಯಮವೂ ಇದನ್ನೇ ಹೇಳುತ್ತದೆ ಎಂಬುದು ಹುಡುಗನಿಗೆ ಆಗ ನೆನಪಾಯಿತು. ಆ ಆಟದ ಮಾಂತ್ರಿಕನಿಗೆ ಮಂತ್ರ ಹುಟ್ಟಿನಿಂದ ಬರುವುದಿಲ್ಲ. ಸಿಕ್ಕ ಮಂತ್ರವನ್ನು ತನ್ನ ಪುಸ್ತಕಕ್ಕೆ ಬರೆದುಕೊಳ್ಳಬೇಕು. ಮಂತ್ರದ ಒಂದೊಂದು ದರ್ಜೆಗೂ ಎರಡು ತಾಸು ಕೂತು ಬರೆಯಬೇಕು, ಐವತ್ತು ಹೊನ್ನು ಖರ್ಚು ಮಾಡಬೇಕು. ಗಡ್ಡ, ಗುಹೆ, ತಲೆಬುರುಡೆ ಎಲ್ಲ ತೆಗೆದುಹಾಕಿದರೆ ಉಳಿಯುವವನು ಓದಿ ಬರೆದಿಟ್ಟುಕೊಳ್ಳುವ ಮನುಷ್ಯ. ಹಾಗಿದ್ದ ಮೇಲೆ ಗ್ರಂಥಪಾಲನಿಗಿಂತ ಹತ್ತಿರದ ಹಿನ್ನೆಲೆ ಮಾಂತ್ರಿಕನಿಗೆ ಇನ್ಯಾವುದು?

ಹಿನ್ನೆಲೆಯ ಅಂಕಣದಲ್ಲಿ ಹುಡುಗ ದೊಡ್ಡಕ್ಷರದಲ್ಲಿ ಬರೆದ: ಸರಸ್ವತೀ ಭಂಡಾರಿಗ, ನಾಗಾವಿ ಘಟಿಕಾಶಾಲೆ.

ಅಕ್ಕ ಹಾಳೆ ತೆಗೆದುಕೊಂಡು ನೋಡಿದಳು. “ಚಂದ ಆಯ್ತು. ಆದ್ರ ಒಂದು ತಿಳ್ಕೋ. ಆಗ ನಾ ಬಂದಿದ್ರ ನನಗ ಒಳಗ ಬಿಡ್ತಿದ್ದಿಲ್ಲ. ನಿನಗೂ ಬಿಡ್ತಿದ್ದಿಲ್ಲ.”

ಅದೂ ನಿಜವೇ. ವೇದಾಧ್ಯಯನದ ಆ ಶಾಲೆಯ ಬಾಗಿಲು ಹೆಣ್ಣುಮಕ್ಕಳಿಗಾಗಲಿ, ಹೊಲ ಉಳುವವರ ಮಕ್ಕಳಿಗಾಗಲಿ ತೆರೆದದ್ದಾಗಿರಲಿಲ್ಲ. ನಾಗಾವಿಯ ಹೆಮ್ಮೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಲೆಕ್ಕ ಅರ್ಧವಾಗುತ್ತದೆ. ಹುಡುಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಕಲಬುರಗಿ ಬಸ್ ನಿಲ್ದಾಣದಲ್ಲಿ ಇಳಿದಾಗ ಅಕ್ಕನ ಹತ್ತಿರ ರಬ್ಬರ್ ಕೇಳಿದ. ಹಾಳೆಯ ಮೇಲೆ ‘ಅವನು’ ಎಂದಿದ್ದ ಕಡೆಯೆಲ್ಲ ಅಳಿಸಿ ‘ಅವಳು’ ಎಂದು ಬರೆದ. ಊರ ಹೊರಗಿನ ಗುಡಿಸಲು, ಕೂಲಿ ಮಾಡುವ ತಾಯಿ ಎಂದು ಹಿನ್ನೆಲೆಗೆ ಎರಡು ಸಾಲು ಸೇರಿಸಿದ. ಯಾಕೆಂದು ಅಕ್ಕ ಕೇಳಲಿಲ್ಲ. ಆಯಿ ಹೇಳಿದ ಸಂಗತಿ ಅವಳಿಗೂ ಅಷ್ಟರಲ್ಲಿ ಗೊತ್ತಾಗಿತ್ತು.

“ರ‍್ಯಾಂಕ್ ಎಷ್ಟನೇದು?”

ಅಪ್ಪನಿಗೆ ಇದಾವುದೂ ಹಿಡಿಸಿರಲಿಲ್ಲ. ರಜೆಗೆ ಮೊದಲು ಬಂದ ಪರೀಕ್ಷೆಯ ಫಲಿತಾಂಶದಲ್ಲಿ ಮಗನ ವಿಜ್ಞಾನದ ಅಂಕ ಕೆಳಗಿತ್ತು. ಮುಂದೆ ಕಲಬುರಗಿಯಲ್ಲಿ ಪಿಯುಸಿ ಸೈನ್ಸಿಗೆ ಸೇರಿಸಬೇಕೆಂದು ಅಪ್ಪ ತೊಗರಿ ಮಾರಿದ ಹಣದಲ್ಲಿ ಒಂದಿಷ್ಟು ಎತ್ತಿಟ್ಟಿದ್ದ.

“ಪರೀಕ್ಷಾ ಹತ್ರ ಬಂದಾವ, ಇಂವ ನೋಡಿದ್ರ ಮಾಟಗಾರನ ಜಾತಕ ಬರೀಲತ್ತಾನ” ಎಂದು ಹಾಳೆ ಕೈಗೆತ್ತಿಕೊಂಡ. ದರ್ಜೆ ಎಂಬ ಅಂಕಣದಲ್ಲಿ ಒಂದು ಎಂದಿತ್ತು. ಅಪ್ಪನ ಮುಖ ಸ್ವಲ್ಪ ಅರಳಿತು. “ಫಸ್ಟ್ ರ‍್ಯಾಂಕೇನು?”

“ಅಲ್ಲಪ್ಪಾ, ಅದು ಮೊದಲನೇ ಮೆಟ್ಟಿಲ. ಎಲ್ಲಕ್ಕಿಂತ ಕೆಳಗಿಂದು.”

ಕರ್ನಾಟಕದ ಮನೆಗಳಲ್ಲಿ ರ‍್ಯಾಂಕ್ ಎಂದರೆ ಒಂದೇ ಅರ್ಥ: ಎಷ್ಟು ಜನರನ್ನು ಹಿಂದೆ ಹಾಕಿದೆ ಎಂಬುದು. ಒಂದು ಎಂದರೆ ಎಲ್ಲರಿಗಿಂತ ಮುಂದೆ. ಹುಡುಗನ ಹಾಳೆಯಲ್ಲಿದ್ದ ಒಂದು ಬೇರೆ. ಅದು ಯಾರನ್ನೂ ಹ��ಂದೆ ಹಾಕಿದ ಲೆಕ್ಕವಲ್ಲ, ತಾನು ಎಷ್ಟು ಹತ್ತಿದೆ, ಇನ್ನೆಷ್ಟು ಹತ್ತಬೇಕು ಎಂಬ ಲೆಕ್ಕ.

“ಇಷ್ಟು ಮಾಡಿ ಲೈಬ್ರರಿಯಾಗ ಧೂಳ ಜಾಡಸಾಕಿ ಆದಳೇನು?” ಎಂದ ಅಪ್ಪ.

ಅಕ್ಕ ಆಗ ಎಸ್.ಆರ್. ರಂಗನಾಥನ್ ಅವರ ಸಂಗತಿ ಹೇಳಿದಳು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಮೊದಮೊದಲು ಆ ಕೆಲಸ ಅವರಿಗೂ ಬೇಸರವಾಗಿತ್ತು. ಮತ್ತೆ ಗಣಿತಕ್ಕೇ ಕಳುಹಿಸಿ ಎಂದು ಕೇಳಿದ್ದರು. ಆದರೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬಂದ ಮೇಲೆ ಅದರಲ್ಲೇ ಉಳಿದರು. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲಿ ಪುಸ್ತಕವಾಗಿ ಕೊಟ್ಟರು, 1962ರಲ್ಲಿ ಬೆಂಗಳೂರಿನಲ್ಲಿ ಆ ವಿಷಯಕ್ಕೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. ಭಾರತ ಸರ್ಕಾರ 1965ರಲ್ಲಿ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರೆಂದು ನೇಮಿಸಿತು. ದಾಳ ನಾಲ್ಕಕ್ಕೆ ಬಿದ್ದವರು ಐದಕ್ಕೂ ಹೋದರು.

ಶಾಲೆಯ ಮೆಟ್ಟಿಲನ್ನೇ ಸರಿಯಾಗಿ ಹತ್ತದವರೂ ಇದ್ದಾರೆ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ತಂದೆ ಸರ್ಕಸ್ಸಿನಲ್ಲಿದ್ದವರು, ಇಸ್ಪೀಟಿನ ಜಾದೂ ಮಾಡುತ್ತಿದ್ದವರು. ಮಗಳಿಗೆ ಇಸ್ಪೀಟಿನ ಆಟ ಕಲಿಸುವಾಗಲೇ ಅವಳ ನೆನಪಿನ ಶಕ್ತಿ ಅವರ ಕಣ್ಣಿಗೆ ಬಿತ್ತು. ಕ್ರಮವಾದ ಶಾಲಾ ಶಿಕ್ಷಣವಿಲ್ಲದ ಆಕೆ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಉತ್ತರ ಹೇಳಿದರು. ಅಕ್ಷರಶಃ ಜಾದೂಗಾರನ ಮಗಳು. ಆದರೆ ಅವರ ವಿದ್ಯೆ ಜಾದೂ ಆಗಿರಲಿಲ್ಲ. ಆರ್ಥರ್ ಜೆನ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿ ಆಕೆಯನ್ನು ಪರೀಕ್ಷಿಸಿ 1990ರಲ್ಲಿ ವರದಿ ಪ್ರಕಟಿಸಿದ. ಸರಳ ಪರೀಕ್ಷೆಗಳಲ್ಲಿ ಅವರ ಪ್ರತಿಕ್ರಿಯೆಯ ವೇಗ ಅಸಾಧಾರಣವೇನೂ ಆಗಿರಲಿಲ್ಲ. ಚಿಕ್ಕಂದಿನಿಂದ ಸಂಖ್ಯೆಗಳ ಜೊತೆಗೇ ಬದುಕಿದ ಅಭ್ಯಾಸ ಅಲ್ಲಿತ್ತು.

ಇದನ್ನೆಲ್ಲ ಕೇಳುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ, “ಅಪ್ಪಾ, ನೀ ಬಾಳಿ ಹಚ್ಚೋದು ಯಾರ ಬಲ್ಲಿ ಕಲ್ತಿ?” ಎಂದು ಕೇಳಿದ.

“ನಿಮ್ಮ ಮುತ್ಯಾನ ಬಲ್ಲಿ.”

“ಎಷ್ಟು ವರ್ಷ?”

ಅಪ್ಪ ಯೋಚಿಸಿದ. ಕೆಂಪು ಬಾಳೆ ಉಳಿದ ಬಾಳೆಗಿಂತ ತಡವಾಗಿ ಕೈಗೆ ಬರುವ ಬೆಳೆ. ಒಂದು ತಪ್ಪು ಮಾಡಿದರೆ ಅದು ತಪ್ಪೆಂದು ತಿಳಿಯಲು ವರ್ಷ ಕಾಯಬೇಕು. ಯಾವ ಕಂದು ಕಿತ್ತು ನೆಡಬೇಕು, ನೀರು ಯಾವಾಗ ಬಿಡಬೇಕು ಎಂಬುದನ್ನು ಮುತ್ಯಾ ಬಾಯಿಬಿಟ್ಟು ಹೇಳಿದ್ದಕ್ಕಿಂತ ಸುಮ್ಮನೆ ಜೊತೆಗೆ ನಿಲ್ಲಿಸಿಕೊಂಡು ತೋರಿಸಿದ್ದೇ ಹೆಚ್ಚು. “ಹತ್ತು ವರ್ಷ ಆಗಿರಬೇಕು. ಇನ್ನಾ ಕಲೀಲತ್ತೀನಿ” ಎಂದ.

“ಹಂಗಾರ ನೀ ಹತ್ತನೇ ಮೆಟ್ಟಿಲ” ಎಂದು ಹುಡುಗ ಲೆಕ್ಕ ಹಾಕಿದ. ಅಪ್ಪ ನಕ್ಕುಬಿಟ್ಟ. ಸಿಟ್ಟೇನೂ ಪೂರ್ತಿ ಇಳಿದಿರಲಿಲ್ಲ. ಆದರೆ ಆ ರಾತ್ರಿ ವಿಜ್ಞಾನದ ಪುಸ್ತಕ ತೆಗೆಸಿ ಪಕ್ಕ ಕೂತಾಗ, ಎಷ್ಟು ಅಂಕ ಬಂತು ಎಂದು ಕೇಳುವ ಬದಲು ಎಲ್ಲಿಂದ ತಿಳಿಯಲಿಲ್ಲ ಎಂದು ಕೇಳಿದ. ಬೆಳಕಿನ ಪಾಠದಲ್ಲಿ, ದರ್ಪಣಗಳ ಚಿತ್ರ ಬಿಡಿಸುವಲ್ಲಿಂದ ಎಂದು ಹುಡುಗ ತೋರಿಸಿದ. ಮೂರು ತಿಂಗಳಿಂದ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ.

ಕೇಳಬೇಕಾದ ಪ್ರಶ್ನೆ

ಹಳೆಯ ಧರ್ಮಶಾಸ್ತ್ರ ಗ್ರಂಥಗಳು ಆಚಾರ್ಯ ಮತ್ತು ಉಪಾಧ್ಯಾಯ ಎಂದು ಎರಡು ದರ್ಜೆ ಹೇಳುತ್ತವೆ. ಉಪನಯನ ಮಾಡಿಸಿ ವೇದವನ್ನು ಪೂರ್ತಿಯಾಗಿ ಕಲಿಸುವವನು ಆಚಾರ್ಯ, ಜೀವನೋಪಾಯಕ್ಕಾಗಿ ಅದರ ಒಂದು ಭಾಗವನ್ನು ಕಲಿಸುವವನು ಉಪಾಧ್ಯಾಯ. ಆ ಲೆಕ್ಕದಲ್ಲಿ ಇಂದಿನ ಶಾಲಾ ಕಾಲೇಜಿನ ಗುರುಗಳೆಲ್ಲ ಉಪಾಧ್ಯಾಯರೇ. ಅದರಲ್ಲಿ ಸಣ್ಣತನವೇನಿಲ್ಲ. ಇಷ್ಟು ನನಗೆ ಗೊತ್ತು, ಇಷ್ಟನ್ನು ಕಲಿಸುತ್ತೇನೆ ಎಂಬ ಪ್ರಾಮಾಣಿಕತೆ ಆ ಮಾತಿನಲ್ಲೇ ಇದೆ.

ಭಯಪಡಬೇಕಾದದ್ದು ಎಲ್ಲವೂ ಗೊತ್ತು ಎನ್ನುವವರಿಗೆ, ಎಲ್ಲಿ ಕಲಿತೆ ಎಂದು ಕೇಳಿದರೆ ಸಿಟ್ಟಾಗುವವರಿಗೆ. ಇಂಥವರು ಈಗ ಗುಹೆಯಲ್ಲಿಲ್ಲ. ಹೆಸರಿನ ಹಿಂದೆ ಸಿಕ್ಕ ಸಿಕ್ಕ ಡಾಕ್ಟರೇಟು ಅಂಟಿಸಿಕೊಂಡವರಿದ್ದಾರೆ, ಓದದೆ ಸೂಜಿ ಚುಚ್ಚುವವರಿದ್ದಾರೆ, ಮೂರು ತಿಂಗಳಲ್ಲಿ ನಿಮ್ಮ ಮಗುವಿನ ಬುದ್ಧಿ ಹೆಚ್ಚಿಸುತ್ತೇವೆ ಎನ್ನುವವರಿದ್ದಾರೆ. ಇಲ್ಲದ ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಪದವಿ ಹಂಚುವವರ ಪಟ್ಟಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ ಆಗಾಗ ಪ್ರಕಟಿಸುತ್ತಲೇ ಇರುತ್ತದೆ. ಮಕ್ಕಳನ್ನು ಕಾಲೇಜಿಗೆ ಸೇರಿಸುವ ಮೊದಲು ಪಾಲಕರು ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಹಾಗೆಯೇ, ಯಾರನ್ನಾದರೂ ಮಾಟ ಬಲ್ಲವರೆಂದು ಊರು ಬೆರಳು ತೋರಿಸುವಾಗಲೂ ಆ ಹುಡುಗನ ಪ್ರಶ್ನೆ ನೆನಪಿಗೆ ಬರಲಿ. ಎಲ್ಲಿ ಕಲಿತರು? ಯಾರ ಹತ್ತಿರ? ಎಷ್ಟು ವರ್ಷ? ಇದನ್ನು ಕೇಳಲು ಬಿ.ಎಸ್ಸಿ. ಬೇಕಿಲ್ಲ, ಹತ್ತನೆಯ ತರಗತಿಯ ವಿಜ್ಞಾನವೂ ಬೇಕಿಲ್ಲ. ಆಯಿಯ ತವರೂರಿನಲ್ಲಿ ಅಂದು ಒಬ್ಬರು ಕೇಳಿದ್ದರೆ ಸಾಕಿತ್ತು.